ಹೊಳೆಯುವ ನೆಲ ಸಾಲದು: ತಾಲ್ಲೂಕು ಆಸ್ಪತ್ರೆಯ ಗುಣಮಟ್ಟ ನೋಡುವ, ತಿದ್ದುವ ಬಗೆ

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಈ ಹಂತ ತಲುಪಲು ನಮ್ಮ ಹಳ್ಳಿಗಳಿಗೆ ದಶಕಗಳೇ ಹಿಡಿದವು. ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿದರು, ಬಾಣಂತಿಯರಿಗೆ ಮಡಿಲು ಕಿಟ್ ಬಂತು, 108 ಆಂಬುಲೆನ್ಸ್ ಬಂತು. ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 2001–03ರಲ್ಲಿ 228 ಇದ್ದದ್ದು 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ದೊಡ್ಡ ಸಾಧನೆ, ನಿಜ. ಆದರೆ ಅದೇ 2018–20ರಲ್ಲಿ ಕೇರಳದ ಸಂಖ್ಯೆ 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ.

ಆಸ್ಪತ್ರೆ ಇಲ್ಲ ಎಂಬ ಕಾರಣವನ್ನು ಇನ್ನು ಹೇಳುವಂತಿಲ್ಲ. ಹೆರಿಗೆಗೆಂದು ಆಸ್ಪತ್ರೆ ತಲುಪಿದ ಹೆಣ್ಣುಮಗಳಿಗೆ ಅಲ್ಲಿ ಏನು ಸಿಕ್ಕಿತು, ಎಷ್ಟು ಹೊತ್ತಿಗೆ ಸಿಕ್ಕಿತು ಎಂಬುದೇ ಈಗಿನ ಪ್ರಶ್ನೆ. ಹೆರಿಗೆಗಷ್ಟೇ ಅನ್ವಯಿಸುವ ಮಾತಲ್ಲ ಇದು. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2018ರಲ್ಲಿ ಬಂದ ಒಂದು ಅಂದಾಜಿನ ಪ್ರಕಾರ, ಚಿಕಿತ್ಸೆಯಿಂದ ಉಳಿಸಬಹುದಾಗಿದ್ದೂ ಭಾರತದಲ್ಲಿ ವರ್ಷಕ್ಕೆ ಸಾಯುವವರು ಸುಮಾರು 24 ಲಕ್ಷ. ಅವರಲ್ಲಿ 16 ಲಕ್ಷ ಮಂದಿ ಚಿಕಿತ್ಸೆ ಪಡೆದವರೇ. ಅವರಿಗೆ ಸಿಕ್ಕ ಚಿಕಿತ್ಸೆಯ ಗುಣಮಟ್ಟ ಕೆಟ್ಟದಾಗಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತದೆ ಸತ್ತವರು ಇದರ ಅರ್ಧದಷ್ಟು.

ಸರ್ಕಾರಿ ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು, ಪಂಚಾಯಿತಿ ಸದಸ್ಯರು, ವಾರ್ಡಿನಲ್ಲಿ ದುಡಿಯುವ ಶುಶ್ರೂಷಾಧಿಕಾರಿಗಳು, ಮನೆಯವರನ್ನು ಅಡ್ಮಿಟ್ ಮಾಡಿ ಕಾರಿಡಾರಿನಲ್ಲಿ ಕೂತಿರುವವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದ ಲೇಖನ ಇದು. ಆಸ್ಪತ್ರೆಯನ್ನು ಅಳೆಯಲು ವೈದ್ಯರೇ ಆಗಬೇಕಿಲ್ಲ. ಎಲ್ಲಿ ನೋಡಬೇಕು, ಏನು ಎಣಿಸಬೇಕು ಎಂಬುದು ಗೊತ್ತಿದ್ದರೆ ಸಾಕು.

ಕಟ್ಟಡ, ಕೆಲಸ, ಫಲ

ಆಸ್ಪತ್ರೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಎಂದು ಅಮೆರಿಕದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಬರೆದ. ಇರುವ ಸೌಲಭ್ಯ ಒಂದು, ನಡೆಯುವ ಕೆಲಸ ಇನ್ನೊಂದು, ಬಂದ ಫಲ ಮತ್ತೊಂದು. ಜಗತ್ತಿನ ಬಹುತೇಕ ಮಾನದಂಡಗಳು ಇಂದಿಗೂ ಇದೇ ಚೌಕಟ್ಟಿನ ಮೇಲೆ ನಿಂತಿವೆ.

ಸೌಲಭ್ಯ ಕಣ್ಣಿಗೆ ಬೀಳುತ್ತದೆ. ಹೊಸ ಬ್ಲಾಕು, ಸ್ಕ್ಯಾನಿಂಗ್ ಯಂತ್ರ, ಆಮ್ಲಜನಕ ಘಟಕ ಇವನ್ನೆಲ್ಲ ಉದ್ಘಾಟಿಸಬಹುದು, ಫೋಟೊ ತೆಗೆಸಿಕೊಳ್ಳಬಹುದು. ಬೇಕಾದದ್ದೇ ಸರಿ, ಆದರೆ ಯಂತ್ರ ಇದ್ದೂ ಅದನ್ನು ನಡೆಸುವ ತಂತ್ರಜ್ಞ ಇಲ್ಲದ ಕೋಣೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಫಲದ ಲೆಕ್ಕ ಮೇಲ್ನೋಟಕ್ಕೆ ಎಲ್ಲಕ್ಕಿಂತ ನೇರ. ಎಷ್ಟು ಜನ ಗುಣವಾಗಿ ಹೋದರು, ಎಷ್ಟು ಜನ ಸತ್ತರು? ತಾಲ್ಲೂಕು ಮಟ್ಟದಲ್ಲಿ ಇದೇ ಲೆಕ್ಕ ದಾರಿ ತಪ್ಪಿಸುತ್ತದೆ. ತಿಂಗಳಿಗೆ ಐವತ್ತು ಅರವತ್ತು ಹೆರಿಗೆ ಆಗುವ ಕಡೆ ವರ್ಷಕ್ಕೊಂದು ತಾಯಿ ಸಾವು ಆಗಬಹುದು, ಆಗದೆಯೂ ಇರಬಹುದು. ಅಷ್ಟು ಚಿಕ್ಕ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಲಾಗದು. ಅದಕ್ಕಿಂತ ಮುಖ್ಯವಾದ ವಿಷಯ ರೆಫರ್‌ನದು. ಸ್ವಲ್ಪ ಕಷ್ಟ ಕಂಡ ಕೂಡಲೇ ಜಿಲ್ಲಾಸ್ಪತ್ರೆಗೆ ಕಳಿಸಿಬಿಡುವ ಆಸ್ಪತ್ರೆಯ ಪುಸ್ತಕದಲ್ಲಿ ಸಾವು ಸೊನ್ನೆಯೇ ಇರುತ್ತದೆ. ಆ ತಾಯಿ ಆಂಬುಲೆನ್ಸಿನಲ್ಲಿ ಪ್ರಾಣ ಬಿಟ್ಟಿರಬಹುದು, ಜಿಲ್ಲಾಸ್ಪತ್ರೆಯ ಲೆಕ್ಕದಲ್ಲಿ ಸೇರಿರಬಹುದು. ಆದ್ದರಿಂದ ‘ನಮ್ಮಲ್ಲಿ ಸಾವು ಸೊನ್ನೆ’ ಎಂದು ಯಾರಾದರೂ ಹೇಳಿದರೆ ಎರಡು ಪ್ರಶ್ನೆ ಕೇಳಿ. ಕಳೆದ ತಿಂಗಳು ಎಷ್ಟು ಮಂದಿಯನ್ನು ರೆಫರ್ ಮಾಡಿದಿರಿ? ಅವರು ಈಗ ಹೇಗಿದ್ದಾರೆ? ಎರಡನೆಯ ಪ್ರಶ್ನೆಗೆ ಉತ್ತರ ಇರುವ ಆಸ್ಪತ್ರೆಯನ್ನು ನಂಬಬಹುದು.

ಉಳಿದದ್ದು ನಡುವಿನದು, ಅಂದರೆ ಕೆಲಸ. ಮಾಡಬೇಕಾದದ್ದನ್ನು, ಮಾಡಬೇಕಾದ ಹೊತ್ತಿಗೆ, ಪ್ರತಿ ರೋಗಿಗೂ ಮಾಡಿದರೇ? ತಾಲ್ಲೂಕು ಆಸ್ಪತ್ರೆಯ ಸತ್ಯ ಬಹುಮಟ್ಟಿಗೆ ಇಲ್ಲೇ ಇದೆ ಎಂಬುದು ನನ್ನ ನಂಬಿಕೆ. ಇದನ್ನು ನೋಡಲು ಹೆರಿಗೆ ಕೋಣೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಹೆರಿಗೆ ಕೋಣೆಯಲ್ಲಿ

ಮೊದಲು ಫ್ರಿಜ್ ತೆಗೆಸಿ ನೋಡಿ. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಿಸಿಲಲ್ಲಿ ಬೆಂದ ಟ್ರೇಯಲ್ಲಿ ಬಿದ್ದಿದ್ದರೆ ಅದರ ಶಕ್ತಿ ಕುಂದುತ್ತದೆ, ಆದರೆ ಬಾಟಲಿ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಫ್ರಿಜ್ ಒಳಗೆ ಥರ್ಮಾಮೀಟರ್ ಇದೆಯೇ, ಬಾಗಿಲ ಮೇಲಿನ ಹಾಳೆಯಲ್ಲಿ ದಿನಕ್ಕೆ ಎರಡು ಸಲ ತಾಪಮಾನ ಬರೆದಿದ್ದಾರೆಯೇ, ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ಕೇಳಿ. ಇಡೀ ತಿಂಗಳ ಅಂಕಿಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಅದನ್ನೂ ಗಮನಿಸಿ.

ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ ಈ ಚುಚ್ಚುಮದ್ದಿನ 10 ಯೂನಿಟ್ ಕೊಡಬೇಕು. ಕೇಸ್ ಶೀಟಿನಲ್ಲಿ ಹೆರಿಗೆಯ ಸಮಯ, ಚುಚ್ಚುಮದ್ದಿನ ಸಮಯ ಎರಡೂ ಇವೆಯೇ? ಹೆರಿಗೆಗೆ ಬಂದಾಗ ರಕ್ತದೊತ್ತಡ ನೋಡಿ ಬರೆದಿದ್ದಾರೆಯೇ? ಬಿಪಿ ಏರಿ ಫಿಟ್ಸ್ ಬಂದರೆ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಟ್ರೇಯಲ್ಲೇ ಇದೆಯೇ, ಸ್ಟೋರಿನಿಂದ ತರಿಸಬೇಕೇ? ರಾತ್ರಿ ಸ್ಟೋರಿನ ಕೀಲಿ ಯಾರ ಹತ್ತಿರ ಇರುತ್ತದೆ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೊಂದೇ ಎಷ್ಟೋ ಸಂಗತಿ ತಿಳಿಸಿಬಿಡುತ್ತದೆ.

ಹುಟ್ಟಿದ ಕೂಡಲೇ ಅಳದ ಮಗುವಿಗೆ ಉಸಿರು ಕೊಡುವ ಬ್ಯಾಗ್ ಮತ್ತು ಮಾಸ್ಕ್ ಕೈಗೆಟುಕುವಂತೆ ಇರಬೇಕು. ಡ್ಯೂಟಿಯಲ್ಲಿರುವ ಸಿಸ್ಟರ್ ಅವರನ್ನು ಗೌರವದಿಂದ ಕೇಳಿ: ‘ಇದನ್ನು ಹೇಗೆ ಬಳಸುತ್ತೀರಿ, ಒಮ್ಮೆ ತೋರಿಸುತ್ತೀರಾ ಮೇಡಂ?’ ಚೆನ್ನಾಗಿ ಗೊತ್ತಿರುವವರು ಸಂತೋಷದಿಂದ ತೋರಿಸುತ್ತಾರೆ. ತಡವರಿಸಿದರೆ ಅವರನ್ನು ದೂರಬೇಡಿ, ಕೊನೆಯ ತರಬೇತಿ ಯಾವಾಗ ಸಿಕ್ಕಿತು ಎಂದು ಕೇಳಿ ಬರೆದುಕೊಳ್ಳಿ.

ಹೆರಿಗೆಯ ನಂತರದ ಮೊದಲ ಎರಡು ಗಂಟೆ ಅಪಾಯದ ಹೊತ್ತು. ನಾಡಿ, ರಕ್ತದೊತ್ತಡ, ರಕ್ತಸ್ರಾವ ಇವನ್ನು ಆಗ ಪದೇ ಪದೇ ನೋಡುತ್ತಿರಬೇಕು. ಬಾಣಂತಿಯನ್ನು ಬೇಗನೆ ವಾರ್ಡಿಗೆ ತಳ್ಳಿಬಿಟ್ಟರೆ ಹೊದಿಕೆಯ ಕೆಳಗೆ ಹರಿಯುವ ರಕ್ತ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಮರ್ಯಾದೆಯ ವಿಷಯ. ನೋವಿನಲ್ಲಿ ಕೂಗಿದವಳಿಗೆ ಬೈಗುಳ, ಕೆಲವು ಕಡೆ ತೊಡೆಗೆ ಏಟು, ಪರದೆ ಇಲ್ಲದ ಟೇಬಲ್ಲು, ಮಗು ತೋರಿಸಲು ಇನ್ನೂರು ಐನೂರು ರೂಪಾಯಿ. ಹೆಣ್ಣುಮಕ್ಕಳು ಇದನ್ನು ಮನೆಯಲ್ಲಿ ಹೇಳುತ್ತಾರೆ, ಆಸ್ಪತ್ರೆಯಲ್ಲಿ ಹೇಳುವುದಿಲ್ಲ. ಇದೂ ಗುಣಮಟ್ಟದ ಪ್ರಶ್ನೆಯೇ, ಔಷಧಿಯಷ್ಟೇ ದೊಡ್ಡದು. ಒಮ್ಮೆ ಅವಮಾನಪಟ್ಟವಳು ಮುಂದಿನ ಸಲ ನೋವು ಬಂದರೂ ಕೊನೆಯ ಗಳಿಗೆಯವರೆಗೆ ಮನೆಯಲ್ಲೇ ಹಲ್ಲು ಕಚ್ಚಿ ಕೂರುತ್ತಾಳೆ. ಹೆರಿಗೆ ಕೋಣೆಗಳ ಸುಧಾರಣೆಗೆಂದೇ 2017ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರದ ‘ಲಕ್ಷ್ಯ’ ಕಾರ್ಯಕ್ರಮ, ಹೆರಿಗೆಯ ವೇಳೆ ತಾಯಿಯ ಜೊತೆಗೆ ಮನೆಯ ಹೆಣ್ಣುಮಗಳೊಬ್ಬಳು ಇರಲು ಅವಕಾಶ ಕೊಡಬೇಕು ಎನ್ನುತ್ತದೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತ. ಈ ಮಾತು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು.

ಬಾಣಂತಿಯರನ್ನು ಹಾಸಿಗೆಯ ಪಕ್ಕದಲ್ಲಿ ಕೇಳಿದರೆ, ಅದೂ ಸಿಸ್ಟರ್ ಎದುರಿಗೇ ನಿಂತಿದ್ದರೆ, ‘ಚೆನ್ನಾಗಿ ನೋಡ್ಕೊಂಡ್ರು’ ಎಂಬ ಉತ್ತರವೇ ಬರುತ್ತದೆ. ಡಿಸ್ಚಾರ್ಜ್ ಆಗಿ ಎರಡು ವಾರ ಕಳೆದ ಮೇಲೆ ಆಕೆಯ ಮನೆಯ ಜಗುಲಿಯಲ್ಲಿ ಕೂತು, ಪರಿಚಯದ ಹೆಂಗಸೊಬ್ಬಳು ಕೇಳಬೇಕು. ‘ಹೇಗಿತ್ತು’ ಎಂದಲ್ಲ. ‘ಮಗುವನ್ನು ಮೊದಲ ಸಲ ಎದೆಗೆ ಕೊಟ್ಟದ್ದು ಯಾವಾಗ? ದುಡ್ಡು ಕೇಳಿದ್ರಾ, ಎಷ್ಟು? ಯಾರಾದರೂ ಗದರಿದ್ರಾ?’ ಹೀಗೆ ಬಿಡಿಬಿಡಿಯಾಗಿ.

ಸರ್ಕಾರದ ಅಳತೆಗೋಲನ್ನೇ ಎರವಲು ಪಡೆಯಿರಿ

ಸರ್ಕಾರಿ ಆಸ್ಪತ್ರೆಗಳಿಗೆಂದೇ 2013ರಲ್ಲಿ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು ಬಂದವು. ಸಿಬ್ಬಂದಿ ಬಾಯಲ್ಲಿ ಅದು ‘ಎನ್‌ಕ್ಯುಎಎಸ್’. ಸೇವೆಯ ಲಭ್ಯತೆ, ರೋಗಿಯ ಹಕ್ಕು, ಸಲಕರಣೆ, ಪೂರಕ ಸೇವೆ, ಚಿಕಿತ್ಸೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ, ಫಲಿತಾಂಶ ಎಂಬ ಎಂಟು ವಿಭಾಗಗಳಿವೆ. ಪ್ರತಿ ಅಂಶಕ್ಕೂ ಪೂರ್ತಿ ಇದ್ದರೆ 2, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ಪ್ರಮಾಣಪತ್ರಕ್ಕೆ ಶೇ 70 ಅಂಕ ಬೇಕು, ಅದರ ಅವಧಿ ಮೂರು ವರ್ಷ. 2015ರ ಕಾಯಕಲ್ಪ ಪ್ರಶಸ್ತಿ ಮುಖ್ಯವಾಗಿ ಸ್ವಚ್ಛತೆಯನ್ನು ನೋಡುತ್ತದೆ.

ಈ ಮಾನದಂಡದಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಅದರ ಪರಿಶೀಲನಾ ಕ್ರಮ. ಕಣ್ಣಾರೆ ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ದಾಖಲೆ ತೆರೆಯಬೇಕು, ರೋಗಿಯನ್ನು ಕೇಳಬೇಕು. ನಾಲ್ಕೂ ಒಂದೇ ಕಥೆ ಹೇಳುತ್ತವೆಯೇ ಎಂಬುದೇ ಪರೀಕ್ಷೆ. ಸಮಿತಿಯ ಸದಸ್ಯರು ಈ ಕ್ರಮವನ್ನು ಹಾಗೆಯೇ ಬಳಸಬಹುದು. ನಿಮ್ಮ ಆಸ್ಪತ್ರೆಗೆ ಪ್ರಮಾಣಪತ್ರ ಇದ್ದರೆ ಯಾವ ವಿಭಾಗಕ್ಕೆ ಎಷ್ಟು ಅಂಕ ಬಂದಿದೆ ಎಂದು ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಪಡೆಯಿರಿ. ಒಟ್ಟು ಅಂಕಕ್ಕಿಂತ ಅತಿ ಕಡಿಮೆ ಅಂಕ ಬಿದ್ದ ವಿಭಾಗ ಯಾವುದು ಎಂಬುದು ಮುಖ್ಯ.

ಪರಿಶೀಲನೆಯ ತಂಡ ಬರುವ ವಾರ ಎಲ್ಲ ಆಸ್ಪತ್ರೆಗಳೂ ಚೆಂದವೇ. ಸುಣ್ಣ ಬಣ್ಣ ಆಗಿರುತ್ತದೆ, ಹೊಸ ಬೆಡ್‌ಶೀಟ್ ಬಂದಿರುತ್ತದೆ. ಭಾನುವಾರ ರಾತ್ರಿ ಹನ್ನೊಂದರ ಆಸ್ಪತ್ರೆಯೇ ಬೇರೆ. ಆಗ ಹೋಗಿ ನೋಡಬೇಕು.

ಗಡಿಯಾರ ಮತ್ತು ಸ್ಟಾಕ್ ಪುಸ್ತಕ

ಎದೆನೋವಿನವರಿಗೆ ನಿಮಿಷಗಳೇ ಜೀವ. ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯಾಘಾತ ಖಚಿತವಾಗಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದೆಂದಾದರೆ ಅರ್ಧ ಗಂಟೆಯೊಳಗೆ ಕೊಡಬೇಕು. ಕರ್ನಾಟಕದಲ್ಲಿ 2023ರಿಂದ ನಡೆಯುತ್ತಿರುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಯದೇವದಂಥ ದೊಡ್ಡ ಆಸ್ಪತ್ರೆಗಳ ತಜ್ಞರ ಸಲಹೆಯನ್ನೂ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನೂ ತಾಲ್ಲೂಕು ಮಟ್ಟಕ್ಕೆ ತಂದಿದೆ. ಯೋಜನೆ ಇದ್ದರೆ ಸಾಲದು. ತುರ್ತು ವಿಭಾಗದ ಪುಸ್ತಕದಲ್ಲಿ ಬಂದ ಸಮಯ, ಇಸಿಜಿ ಸಮಯ, ಚುಚ್ಚುಮದ್ದಿನ ಸಮಯ ಎಂಬ ಮೂರು ಅಂಕಣಗಳು ಬೇಕು. ತಿಂಗಳ ಕೊನೆಗೆ ಎಷ್ಟು ಮಂದಿಗೆ ಅರ್ಧ ಗಂಟೆಯೊಳಗೆ ಸಿಕ್ಕಿತು ಎಂದು ಎಣಿಸಿದರೆ ಆಯಿತು.

ಸೋಂಕು ನಿಯಂತ್ರಣಕ್ಕೂ ಇಂಥದೇ ಸುಲಭದ ಲೆಕ್ಕವಿದೆ. ಸಿಬ್ಬಂದಿ ಕೈ ಸ್ವಚ್ಛ ಮಾಡಿಕೊಳ್ಳುತ್ತಾರೆಯೇ ಎಂದು ನಿಂತು ನೋಡಿದರೆ ನೋಡುವಷ್ಟು ಹೊತ್ತು ಎಲ್ಲರೂ ಮಾಡಿಕೊಳ್ಳುತ್ತಾರೆ. ಸ್ಟಾಕ್ ಪುಸ್ತಕ ನೋಡಿ. ಸಾವಿರ ರೋಗಿ-ದಿನಗಳಿಗೆ ಕನಿಷ್ಠ 20 ಲೀಟರ್ ಹ್ಯಾಂಡ್‌ರಬ್ ಖರ್ಚಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ನೂರು ಹಾಸಿಗೆ ತುಂಬಿರುವ ಆಸ್ಪತ್ರೆಯಲ್ಲಿ ತಿಂಗಳಿಗೆ ಮೂರು ಸಾವಿರ ರೋಗಿ-ದಿನ, ಅಂದರೆ 60 ಲೀಟರ್. ಪುಸ್ತಕದಲ್ಲಿ ಐದು ಲೀಟರ್ ಮಾತ್ರ ಇದ್ದರೆ, ಕೈ ತೊಳೆಯುವ ಚಿತ್ರಪಟ ಗೋಡೆಗೆ ಎಷ್ಟು ಅಂಟಿಸಿದ್ದರೂ ಪ್ರಯೋಜನವಿಲ್ಲ. ಕಸದ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳನ್ನೂ ಒಮ್ಮೆ ತೆರೆದು ನೋಡಿ: ಸೂಜಿ ಇರಬೇಕಾದದ್ದು ಚುಚ್ಚಿದರೂ ತೂತು ಬೀಳದ ಬಿಳಿ ಡಬ್ಬಿಯಲ್ಲಿ. ತಪ್ಪು ಡಬ್ಬಿಗೆ ಬಿದ್ದ ಸೂಜಿ ಚುಚ್ಚುವುದು ಕಸ ಎತ್ತುವ ಗ್ರೂಪ್ ಡಿ ನೌಕರರ ಕೈಗೆ.

ಇನ್ನೊಂದು ಮಾತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವುಗಳಾದಾಗ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆಯೇ ಅನುಮಾನ ಬಿತ್ತು. ಔಷಧಿ ಪರೀಕ್ಷಿಸುವ ಶಕ್ತಿ ತಾಲ್ಲೂಕು ಆಸ್ಪತ್ರೆಗಿಲ್ಲ. ಆದರೆ ಯಾವ ರೋಗಿಗೆ ಯಾವ ಬ್ಯಾಚಿನ ಡ್ರಿಪ್ ಹೋಯಿತು ಎಂದು ಕೇಸ್ ಶೀಟಿನಲ್ಲಿ ಬರೆಯಬಹುದು. ಬರೆದಿದ್ದರೆ, ಒಬ್ಬರಿಗೆ ತೊಂದರೆಯಾದ ಗಳಿಗೆಯಲ್ಲೇ ಆ ಬ್ಯಾಚನ್ನು ಎತ್ತಿಡಲು ಸಾಧ್ಯ.

ತಿದ್ದುವ ಕೆಲಸ

ಇಲ್ಲಿ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಾಸಣಾ ಪಟ್ಟಿಯನ್ನು ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಪ್ರಯೋಗಿಸಿದರು. ಹೆರಿಗೆಯ ವೇಳೆ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ಆಗುತ್ತಿದ್ದವು, ಪಟ್ಟಿ ಬಂದ ಮೇಲೆ 25 ಆದವು. ಅದೇ ಸಿಬ್ಬಂದಿ, ಅದೇ ಕೋಣೆ. ಗೊತ್ತಿದ್ದ ಕೆಲಸವೇ ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತಿತ್ತು ಎಂದಾಯಿತು.

ಆಮೇಲೆ ಅದನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಪರೀಕ್ಷಿಸಿದರು. ಅರ್ಧದಷ್ಟು ಆಸ್ಪತ್ರೆಗಳಿಗೆ ಎಂಟು ತಿಂಗಳು ಮಾರ್ಗದರ್ಶಕರು ಹೋಗಿಬಂದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು: ಎರಡು ತಿಂಗಳಾದಾಗ ಈ ಆಸ್ಪತ್ರೆಗಳಲ್ಲಿ ಮಾಡಬೇಕಾದ ಕೆಲಸಗಳಲ್ಲಿ ಶೇ 73ರಷ್ಟು ಆಗುತ್ತಿದ್ದವು, ಉಳಿದ ಕಡೆ ಶೇ 42. ಮಾರ್ಗದರ್ಶನ ನಿಂತ ಮೇಲೆ, ಹನ್ನೆರಡನೇ ತಿಂಗಳಿಗೆ, ಅದು ಶೇ 62ಕ್ಕೆ ಇಳಿದಿತ್ತು. ತಾಯಿ ಮತ್ತು ಶಿಶುಗಳ ಸಾವಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದು ನಿರಾಸೆಯ ಸುದ್ದಿ ಎಂದು ಪಕ್ಕಕ್ಕಿಡುವುದು ತಪ್ಪು. ನಾನು ಇದನ್ನು ಓದುವುದು ಹೀಗೆ: ಪಟ್ಟಿ ಮರೆವನ್ನು ತಡೆಯುತ್ತದೆ, ಆದರೆ ಕೈಚಳಕ ಕಲಿಸುವುದಿಲ್ಲ, ರಕ್ತ ತಂದುಕೊಡುವುದಿಲ್ಲ, ರಾತ್ರಿ ಸಿಸೇರಿಯನ್ ಮಾಡುವವರನ್ನು ಕರೆತರುವುದಿಲ್ಲ. ಪಟ್ಟಿಯೂ ಬೇಕು, ಅರಿವಳಿಕೆ ತಜ್ಞರೂ ಬೇಕು, ಜೊತೆಗೆ ನಿಂತು ಹೇಳಿಕೊಡುವವರು ಎಂಟು ತಿಂಗಳಿಗೆ ಹೊರಟುಹೋಗಬಾರದು.

ವಾರ್ಡಿನೊಳಗೆ ಸುಧಾರಣೆ ಹೀಗೆ ಶುರುವಾಗಲಿ. ಒಂದೇ ಒಂದು ಸಂಗತಿ ಆರಿಸಿಕೊಳ್ಳಿ. ಉದಾಹರಣೆಗೆ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು. ಮೊದಲ ಎರಡು ವಾರ ಏನನ್ನೂ ಬದಲಿಸದೆ ಎಣಿಸಿ. ಆಮೇಲೆ ಹೆರಿಗೆ ಮಾಡಿಸುವ ಸಿಸ್ಟರ್‌ಗಳನ್ನೂ ಆಯಾಗಳನ್ನೂ ಕೂರಿಸಿಕೊಂಡು ಎಲ್ಲಿ ತಡವಾಗುತ್ತಿದೆ ಎಂದು ಕೇಳಿ. ತೂಕ ನೋಡಲು ಮಗುವನ್ನು ಬೇರೆ ಕೋಣೆಗೆ ಒಯ್ಯುತ್ತಾರೆ, ಅಲ್ಲಿಂದ ಅದು ನೆಂಟರ ಕೈಗೆ ಹೋಗುತ್ತದೆ, ತಾಯಿಯ ಹತ್ತಿರ ಬರುವಾಗ ಎರಡು ಗಂಟೆ ಎಂದು ಅವರೇ ಹೇಳಬಹುದು. ಹಾಗಾದರೆ ತೂಕವನ್ನು ಒಂದು ಗಂಟೆ ಮುಂದಕ್ಕೆ ಹಾಕಿ, ಮಗುವನ್ನು ತಾಯಿಯ ಎದೆಯ ಮೇಲೇ ಬಿಟ್ಟು ಮತ್ತೆ ಎಣಿಸಿ. ದಿನದಿನದ ಸಂಖ್ಯೆಯನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೋಡೆಗೆ ಹಚ್ಚಿ. ಗೆರೆ ಏರಿ ಕೆಲವು ವಾರ ಅಲ್ಲೇ ನಿಂತರೆ ಮುಂದಿನ ಸಂಗತಿಗೆ ಹೋಗಿ. ಒಂದು ವಿನಂತಿ: ಹೊಸ ಪುಸ್ತಕ ಒಂದು ಬರೆಯಲು ಹೇಳಿದರೆ ಹಳೆಯದೊಂದನ್ನು ನಿಲ್ಲಿಸಿ. ಸಿಸ್ಟರ್‌ಗಳ ಹೊತ್ತು ಬರೆಯುವುದರಲ್ಲೇ ಸವೆದರೆ ರೋಗಿಯ ಹತ್ತಿರ ಇರುವವರು ಯಾರು?

ಸಾವಾದಾಗ ನಡೆಯುವ ಪರಿಶೀಲನೆಯ ಬಗ್ಗೆ ಕೇರಳದಿಂದ ಕಲಿಯುವುದಿದೆ. ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಸರ್ಕಾರದ ಬೆಂಬಲದೊಂದಿಗೆ ಪ್ರತಿ ತಾಯಿ ಸಾವನ್ನೂ ಹೆಸರು ಮುಚ್ಚಿಟ್ಟು ಪರಿಶೀಲಿಸುತ್ತಾ ಬಂದಿದೆ. ಯಾವ ತಾಯಿ, ಯಾವ ವೈದ್ಯ, ಯಾವ ಆಸ್ಪತ್ರೆ ಎಂಬುದು ಹೊರಬರುವುದಿಲ್ಲ. ಏನಾಯಿತು, ಎಲ್ಲಿ ತಡವಾಯಿತು ಎಂಬುದು ಬರುತ್ತದೆ. ನಮ್ಮಲ್ಲಿ ಸಾವಾದ ಕೂಡಲೇ ಯಾರನ್ನು ಅಮಾನತು ಮಾಡಿದರು ಎಂಬುದೇ ಸುದ್ದಿ. ಶಿಕ್ಷೆಯ ಭಯ ಇರುವ ಕಡೆ ಕೇಸ್ ಶೀಟುಗಳನ್ನು ಆಮೇಲೆ ತುಂಬಿಸುತ್ತಾರೆ, ಕಲಿಯಬೇಕಾದ ಪಾಠ ಅಲ್ಲೇ ಅಳಿಸಿಹೋಗುತ್ತದೆ. ಬೇಜವಾಬ್ದಾರಿಗೆ ಶಿಕ್ಷೆ ಆಗಲೇಬೇಕು. ಆ ವಿಚಾರಣೆ ಬೇರೆ, ಕಲಿಯುವ ಸಭೆ ಬೇರೆ ಆಗಿರಲಿ.

ಖಾಸಗಿಯಲ್ಲಿ, ಮತ್ತು ದೂರು ಕೊಡುವಾಗ

ಖಾಸಗಿ ಆಸ್ಪತ್ರೆಗೆ ಹೋಗುವವರು, ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಫಲಕ ಕಂಡರೆ ಅದು ಪೂರ್ಣ ಮಾನ್ಯತೆಯೋ ಪ್ರವೇಶ ಹಂತದ್ದೋ, ಅವಧಿ ಮುಗಿದಿಲ್ಲವೇ ಎಂದು ನೋಡಿ. ಸಿಸೇರಿಯನ್ ಪ್ರಮಾಣ ಎಷ್ಟು ಎಂದು ಕೇಳಲು ಸಂಕೋಚ ಬೇಡ: ದೇಶದಲ್ಲಿ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇ 47.4, ಸರ್ಕಾರಿಯಲ್ಲಿ ಶೇ 14.3 ಸಿಸೇರಿಯನ್ ಎಂದು ಅದೇ 2019–21ರ ಸಮೀಕ್ಷೆ ಹೇಳಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, 2017ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ರೋಗಿಗಳ ಸನ್ನದು ಸೇರಿತು. ದರಪಟ್ಟಿ ಹಾಕಲೇಬೇಕು, ಬಿಲ್ ಬಾಕಿ ಎಂದು ಶವ ತಡೆಯುವಂತಿಲ್ಲ. ದೂರುಗಳನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಕೇಳುತ್ತದೆ. ಚಿಕಿತ್ಸೆಯ ದಾಖಲೆ ಬೇಕೆಂದರೆ ಕೇಳಿದ 72 ಗಂಟೆಯೊಳಗೆ ವೈದ್ಯರು ಕೊಡಬೇಕು. 2002ರ ವೈದ್ಯಕೀಯ ಪರಿಷತ್ತಿನ ನಿಯಮ ಇದು.

ಸರ್ಕಾರಿ ಆಸ್ಪತ್ರೆಯ ದೂರಿಗೆ 104 ಸಹಾಯವಾಣಿ ಇದೆ. ಬರಹದಲ್ಲಿ ಕೊಡುವುದು ಇನ್ನೂ ಒಳ್ಳೆಯದು. ‘ಸರಿಯಾಗಿ ನೋಡಲಿಲ್ಲ’ ಎಂದು ಬರೆದರೆ ಏನೂ ಆಗುವುದಿಲ್ಲ. ದಿನಾಂಕ, ಸಮಯ, ವಾರ್ಡು, ಒಳರೋಗಿ ಸಂಖ್ಯೆ, ಏನಾಯಿತು, ಏನಾಗಬೇಕಿತ್ತು, ಈಗ ಏನು ಸರಿಪಡಿಸಬೇಕು ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಆಡಳಿತ ವೈದ್ಯಾಧಿಕಾರಿಗೆ ಕೊಡಿ, ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಆ ದೂರಿನ ಜೊತೆ ಮೂರು ಸಂಖ್ಯೆಗಳು ಇರಬೇಕೆಂದು ಪಟ್ಟು ಹಿಡಿಯಿರಿ: ಕಳೆದ ತಿಂಗಳು ರೆಫರ್ ಆದ ತಾಯಂದಿರು ಎಷ್ಟು, ಖರ್ಚಾದ ಹ್ಯಾಂಡ್‌ರಬ್ ಎಷ್ಟು ಲೀಟರ್, ರಾತ್ರಿ ಪಾಳಿಯಲ್ಲಿ ಆಕ್ಸಿಟೋಸಿನ್ ಫ್ರಿಜ್ಜಿನ ತಾಪಮಾನ ಬರೆಯದೆ ಬಿಟ್ಟ ದಿನಗಳು ಎಷ್ಟು.